ಅರ್ಜಿಯ ಹಾದಿ: ಎಣ್ಮಕಜೆಯಿಂದ ತಿರುವನಂತಪುರದವರೆಗೆ

ದೀಪಾವಳಿಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಪದ್ಧತಿ ನಮ್ಮ ವರ್ತಕ ಮನೆತನಗಳಲ್ಲಿ ಇಂದಿಗೂ ಉಂಟು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಮನೆಗಳಲ್ಲೂ ಆ ಒಂದು ದಿನಕ್ಕೆ ಹೊಸ ಪುಸ್ತಕ ಬಂದೇ ಬರುತ್ತದೆ. ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಹನ್ನೊಂದರವರೆಗೆ ಕುಳಿತು ಹುಡುಕುವವರು ನಾವು. ಸರಕು ಬಂದ ದಿನ, ಹೋದ ದಿನ, ಯಾರ ಕೈಗೆ ಕೊಟ್ಟೆವು, ರಸೀದಿ ಎಲ್ಲಿದೆ ಎಂಬುದೆಲ್ಲ ನಮಗೆ ಕರತಲಾಮಲಕ. ಆದರೆ ಸರಕಾರದೊಡನೆ ವ್ಯವಹರಿಸುವಾಗ ಮಾತ್ರ ಅದೇಕೋ ನಾವು ಬಾಯಿಲೆಕ್ಕದವರಾಗಿಬಿಡುತ್ತೇವೆ. "ಯಾರಿಗೆ ಹೇಳಿ ಏನು ಪ್ರಯೋಜನ?" ಎಂದು ಬಾಗಿಲು ಎಳೆದು ಮನೆಗೆ ಹೋಗುತ್ತೇವೆ.

ಈ ಮಾತಿಗೆ ನಾನೇ ಉದಾಹರಣೆ. ನಮ್ಮ ಅಂಗಡಿಯ ಮುಂದಿನ ಚರಂಡಿ ಕಟ್ಟಿಕೊಂಡು ಎರಡು ಮಳೆಗಾಲ ನೀರು ಒಳಗೆ ನುಗ್ಗಿತು. ಬೆಲ್ಲದ ಚೀಲಗಳು ಕರಗಿಹೋದವು. ಕಂಡಕಂಡವರಲ್ಲೆಲ್ಲ ಹೇಳಿದೆ. ಸಂಬಂಧಪಟ್ಟ ಕಚೇರಿಗೆ ನಾಲ್ಕು ಸಲ ಹೋಗಿ, ಪ್ರತಿ ಸಲವೂ "ನೋಡುವಾ" ಎಂಬ ಉತ್ತರ ಪಡೆದು ಬಂದೆ. ಮೂರನೆಯ ಮಳೆಗಾಲಕ್ಕೆ ಮೊದಲು ಮಗಳು ಕೇಳಿದಳು: "ಅಪ್ಪಾ, ನೀವು ಬರೆದುಕೊಟ್ಟ ಅರ್ಜಿಯ ನಕಲು ಎಲ್ಲಿದೆ?" ನಕಲು ಎಲ್ಲಿಂದ ಬರಬೇಕು, ಅರ್ಜಿಯೇ ಇರಲಿಲ್ಲ! ಸಾಲ ಕೊಟ್ಟು ಖಾತೆಯಲ್ಲಿ ಬರೆಯದೆ ಬಿಟ್ಟವನ ಹಾಗೆ ತಲೆ ಕೆರೆದುಕೊಂಡೆ. ಅಂದು ಸಂಜೆಯೇ ಒಂದು ಹಾಳೆಯಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಹಾಕಿಸಿಕೊಂಡು ಬಂದೆ. ಆರು ವಾರದೊಳಗೆ ಇಬ್ಬರು ಬಂದು ಅಳತೆ ತೆಗೆದುಕೊಂಡು ಹೋದರು.

ಚರಂಡಿಯಿಂದ ಕಾನೂನಿನವರೆಗೆ ದೂರ ಬಹಳ. ಆದರೆ ಆ ದೂರವನ್ನು ನಡೆದವರು ನಮ್ಮ ನೆರೆಯಲ್ಲೇ ಇದ್ದಾರೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವರ ಕಥೆ ಎಂಡೋಸಲ್ಫಾನ್ ದುರಂತವೆಂದು ಎಲ್ಲರಿಗೂ ಗೊತ್ತು. ಹಳ್ಳಿಯ ಜನ ಸರಕಾರದ ತೀರ್ಮಾನವನ್ನು ಬದಲಾಯಿಸಿದ ಕಥೆಯಾಗಿ ಅದನ್ನು ಓದಿದವರು ಕಡಿಮೆ.

ಪೆರ್ಲ ಪೇಟೆಯ ಮೂಲಕ ಹಾದುಹೋದವರಿಗೆ ಈ ಊರಿನ ಚಿತ್ರ ಕಣ್ಣ ಮುಂದೆ ಬರಬಹುದು. ಕರ್ನಾಟಕದ ಗಡಿಗೆ ಒತ್ತಿಕೊಂಡ ಗುಡ್ಡಗಳು, ತಗ್ಗಿನಲ್ಲಿ ಅಡಿಕೆ ತೋಟ, ಗುಡ್ಡದ ಹೊಟ್ಟೆಯಿಂದ ನೀರು ತರುವ ಸುರಂಗಗಳು, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡುಗಳು. ಪಡ್ರೆ, ವಾಣಿನಗರ, ಸ್ವರ್ಗ ಎಂಬ ಹಳ್ಳಿಗಳು ಈ ಪಂಚಾಯತಿನವು. ಮನೆಮಾತು ತುಳು, ಕನ್ನಡ, ಮರಾಠಿ, ಮಲಯಾಳ ಎಲ್ಲವೂ ಉಂಟು. ಶಾಲೆಯಲ್ಲಿ ಕನ್ನಡ. ರಾಜಧಾನಿ ಮಾತ್ರ ಸುಮಾರು ಆರುನೂರು ಕಿಲೋಮೀಟರ್ ದಕ್ಷಿಣದಲ್ಲಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಸೇರಿಸಿದ ಮೇಲೆ ಇಲ್ಲಿಯವರಿಗೆ ಸರಕಾರ ಎಂಬುದು ಭಾಷೆಯಲ್ಲೂ ದೂರ, ದಾರಿಯಲ್ಲೂ ದೂರ.

ಈ ಗುಡ್ಡಗಳ ತಲೆಯ ಮೇಲೆ ಸರಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ಜಿಲ್ಲೆಯ ಬೇರೆ ಬೇರೆ ಕಡೆ ಸೇರಿ ನಾಲ್ಕೂವರೆ ಸಾವಿರ ಹೆಕ್ಟೇರಿನಷ್ಟು. ಗೇರಿನ ಹೂವಿಗೆ ಬೀಳುವ ಟೀ ಸೊಳ್ಳೆಯ ಕಾಟ ತಡೆಯಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ವರ್ಷಕ್ಕೆ ಎರಡು ಮೂರು ಸಲ. ಬಾವಿ ಮುಚ್ಚಿಕೊಳ್ಳಿ ಎಂಬ ಸೂಚನೆ ಜನರಿಗೆ ಸಿಗುತ್ತಿತ್ತು. ಬಾವಿಗೆ ಮಡಲು ಹಾಸಬಹುದು. ತೋಡಿಗೆ ಏನನ್ನು ಹಾಸುವುದು?

ಮೊದಲು ಕಂಡದ್ದು ದನದ ಹಟ್ಟಿಗಳಲ್ಲಿ. ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದವು. ಪಡ್ರೆಯವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲಿಯೇ ಇದನ್ನು ಬರೆದರು. ಅಡಿಕೆ ಪತ್ರಿಕೆಯ ಮೂಲಕ ಮುಂದೆ ನಮಗೆಲ್ಲ ಪರಿಚಿತರಾದವರು ಇವರೇ. ಅಂದು ಆ ಬರಹಕ್ಕೆ ಸರಕಾರದಿಂದ ಹೇಳಿಕೊಳ್ಳುವಂಥ ಉತ್ತರ ಬರಲಿಲ್ಲ. 1982ರಿಂದ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನಕುಮಾರ್ ಅವರ ಮುಂದೆ ನಂತರದ ವರ್ಷಗಳಲ್ಲಿ ಮನುಷ್ಯರ ಸಾಲು ಬಂದು ನಿಂತಿತು. ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಅಂಗವಿಕಲತೆ, ಕ್ಯಾನ್ಸರ್. ಕೊಡೆಂಕಿರಿ ತೋಡಿನ ಆಚೀಚೆಯ ಮನೆಗಳಲ್ಲಿ ಇವು ಹೆಚ್ಚು ಎಂಬುದು ಅವರ ಗಮನಕ್ಕೆ ಬಂತು. ಮೊದಲಿಗೆ ನೀರಿನಲ್ಲಿ ಬೇರೇನೋ ದೋಷವಿರಬಹುದೆಂದು ಶಂಕಿಸಿದರಂತೆ. ತಾನು ಕಂಡದ್ದನ್ನು ಟಿಪ್ಪಣಿ ಮಾಡಿ, ವೈದ್ಯಕೀಯ ಪತ್ರಿಕೆಗೆ ಬರೆದರು.

ವೈದ್ಯರ ಆ ಟಿಪ್ಪಣಿಗಳ ಬೆಲೆ ತಿಳಿದದ್ದು ಮುಂದೆ. ಎಲ್ಲರೂ "ಊರಿಗೆ ಶಾಪ ತಟ್ಟಿದೆ, ಭೂತದ ಮುನಿಸು" ಎಂದು ಹೇಳುತ್ತಿದ್ದ ಕಾಲದಲ್ಲಿ ಒಬ್ಬರು ರೋಗಿಯ ಮನೆ ಯಾವುದು, ನೀರು ಎಲ್ಲಿಂದ ಎಂದು ನೋಡುತ್ತಾ ಬಂದಿದ್ದರು. ಮುಂದೆ ದೆಹಲಿಯಿಂದ, ಅಹಮದಾಬಾದಿನಿಂದ ಪರೀಕ್ಷಕರು ಬಂದಾಗ ಎಲ್ಲಿ ನೋಡಬೇಕೆಂದು ತೋರಿಸಲು ಊರಿನಲ್ಲಿ ಜನರಿದ್ದರು.

ದಕ್ಷಿಣಕ್ಕೆ, ಪೆರಿಯದಲ್ಲಿ, ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಬೇರೆ ಬಾಗಿಲು ತಟ್ಟಿದರು. ಸಿಂಪಡಣೆ ನಿಲ್ಲಿಸಿ ಎಂದು ಕೇಳಿ ಫಲ ಕಾಣದೆ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. ತಾನೇ ಸರಕಾರಿ ನೌಕರಳು, ಎದುರಾಳಿ ಸರಕಾರಿ ಸಂಸ್ಥೆ. ತಡೆಯಾಜ್ಞೆ ಸಿಕ್ಕಿತು. ಇತ್ತ ಪಡ್ರೆಯಲ್ಲಿಯೂ ಎಸ್ಪಾಕ್ ಎಂಬ ಹೆಸರಿನಲ್ಲಿ ಸಿಂಪಡಣೆ ವಿರೋಧಿ ಕ್ರಿಯಾ ಸಮಿತಿ ಹುಟ್ಟಿಕೊಂಡಿತು. 2000ದ ಡಿಸೆಂಬರಿನ ಸಿಂಪಡಣೆಯೇ ಕೊನೆಯದಾಯಿತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ಜನರ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಅವುಗಳಲ್ಲಿ ಎಂಡೋಸಲ್ಫಾನ್ ಇದೆ ಎಂದು ಪ್ರಕಟಿಸಿದರು. ಪತ್ರಿಕಾ ವರದಿ ನೋಡಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಪಡ್ರೆಯ ಮಕ್ಕಳಲ್ಲಿ ಕಲಿಕೆಯ ತೊಂದರೆ, ಹುಟ್ಟಿನಿಂದ ಬಂದ ಊನಗಳು ಹೆಚ್ಚಿವೆ ಎಂಬುದು 2002ರ ಅವರ ವರದಿ. ಇದಕ್ಕೆ ವಿರುದ್ಧವಾದ ವರದಿಗಳೂ ಬಂದವು. ಕೇಂದ್ರ ಸರಕಾರ ನೇಮಿಸಿದ ಎರಡು ಸಮಿತಿಗಳು, 2003ರ ದುಬೆ ಸಮಿತಿ ಮತ್ತು 2004ರ ಮಾಯಿ ಸಮಿತಿ, ಕಾಯಿಲೆಗೂ ಔಷಧಕ್ಕೂ ಸಂಬಂಧ ರುಜುವಾತಾಗಿಲ್ಲ ಎಂದವು. ವಿಜ್ಞಾನಿಗಳ ನಡುವಿನ ಈ ವಾದ ಪೂರ್ತಿ ಮುಗಿದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಊರಿನವರು ವಿಜ್ಞಾನಿಗಳೊಂದಿಗೆ ಜಗಳಕ್ಕೆ ನಿಲ್ಲಲಿಲ್ಲ. ಮತ್ತೆ ಅರ್ಜಿ ಬರೆದರು.

ಇಲ್ಲಿ ಓದುಗ ಬಂಧುಗಳು ಒಂದು ಸೂಕ್ಷ್ಮ ಗಮನಿಸಬೇಕು. ಕೀಟನಾಶಕಗಳ ಮಾರಾಟಕ್ಕೆ ಸಂಬಂಧಿಸಿದ ಕಾನೂನು ಕೇಂದ್ರದ್ದು, 1968ರ ಕೀಟನಾಶಕ ಕಾಯಿದೆ. ಅದರ 27ನೆಯ ಕಲಮಿನಂತೆ ರಾಜ್ಯ ಸರಕಾರ ತನಿಖೆ ನಡೆಯುವವರೆಗೆ 60 ದಿನ, ಹೆಚ್ಚೆಂದರೆ ಇನ್ನೂ 30 ದಿನ ಮಾರಾಟ ತಡೆಯಬಹುದು. ಅಷ್ಟೇ. ತಿರುವನಂತಪುರದಲ್ಲಿ ಎಷ್ಟು ಕೂಗಿದರೂ ಶಾಶ್ವತ ನಿಷೇಧ ಅಲ್ಲಿ ಹುಟ್ಟಲಾರದು. ತಮ್ಮ ತೋಟದ ಮೇಲೆ ಹಾರುವ ಹೆಲಿಕಾಪ್ಟರನ್ನು ನಿಲ್ಲಿಸುವುದು ರಾಜ್ಯದ ಕೈಯಲ್ಲಿತ್ತು, ಪರಿಹಾರ ಕೊಡುವುದು ರಾಜ್ಯದ ಕೈಯಲ್ಲಿತ್ತು, ಔಷಧವನ್ನೇ ಇಲ್ಲವಾಗಿಸುವುದು ದೆಹಲಿಯ ಕೈಯಲ್ಲಿತ್ತು. ತಪ್ಪು ವಿಳಾಸಕ್ಕೆ ಬರೆದ ಹುಂಡಿ ಹಣ ತರುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿಷಯವೇ. ಎಣ್ಮಕಜೆಯ ಜನ ಇದನ್ನು ಬಹಳ ಬೆಲೆ ಕೊಟ್ಟು ಕಲಿತರು.

2006ರಲ್ಲಿ ರಾಜ್ಯ ಸರಕಾರ ಮೃತರ ಕುಟುಂಬಗಳಿಗೆ ತಲಾ 50,000 ರೂಪಾಯಿ ಕೊಡಲು ಒಪ್ಪಿತು. 2010ರ ಡಿಸೆಂಬರ್ 31ರಂದು ಮಾನವ ಹಕ್ಕುಗಳ ಆಯೋಗವು ಮೃತರ ವಾರಸುದಾರರಿಗೆ ಹಾಗೂ ಪೂರ್ಣ ಅಂಗವಿಕಲರಿಗೆ 5 ಲಕ್ಷ, ಇತರ ಅಂಗವಿಕಲರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವೂ ತನ್ನ ನಾಡಿನಲ್ಲಿ ಎಂಡೋಸಲ್ಫಾನನ್ನು ತಡೆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆಯ ಜನರ ಹೋರಾಟ ಇದಕ್ಕೆ ಕಾರಣ. ಅಲ್ಲಿಯೂ ಗೇರು ತೋಟ, ಅಲ್ಲಿಯೂ ಹೆಲಿಕಾಪ್ಟರ್. ಅದೇ ವರ್ಷದ ಏಪ್ರಿಲ್ 25ರಂದು ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಶುರುವಾಗುವ ದಿನ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಅವರು ತಿರುವನಂತಪುರದಲ್ಲಿ ಉಪವಾಸ ಕುಳಿತರು. ಇಪ್ಪತ್ತು ವರ್ಷ ಕೆಳಗಿನಿಂದ ಮೇಲಕ್ಕೆ ಹೋದ ಅರ್ಜಿಗಳು ಕೊನೆಗೆ ಒಬ್ಬ ಮುಖ್ಯಮಂತ್ರಿಯನ್ನೇ ಅರ್ಜಿದಾರನನ್ನಾಗಿ ಮಾಡಿದವು. ಏಪ್ರಿಲ್ 29ರಂದು ಎಂಡೋಸಲ್ಫಾನ್ ಜಾಗತಿಕ ನಿಷೇಧದ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆದು ಮಧ್ಯಂತರ ಆಜ್ಞೆ ಹೊರಡಿಸಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಎಲ್ಲ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಐದು ವರ್ಷ ಕಳೆದರೂ ಬಹುತೇಕರ ಕೈಗೆ ಅದು ತಲುಪಿರಲಿಲ್ಲ. 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸಚಿವಾಲಯದ ಎದುರು ಕುಳಿತರು. ನೆಟ್ಟಗೆ ಕೂರಲಾರದ ಮಗುವನ್ನು ರೈಲಿನಲ್ಲಿ ಒಂದು ರಾತ್ರಿ ಕರೆದುಕೊಂಡು ಹೋಗುವುದೆಂದರೆ ಏನು ಎಂದು ಮಕ್ಕಳಿರುವವರು ಊಹಿಸಿಕೊಳ್ಳಬಹುದು. ನ್ಯಾಯಾಂಗ ನಿಂದನೆಯ ಅರ್ಜಿಯೊಂದು 2022ರ ಮೇ ತಿಂಗಳಲ್ಲಿ ವಿಚಾರಣೆಗೆ ಬಂದಾಗ ಹೊರಬಿದ್ದ ಸಂಗತಿ ಇದು: ಪಟ್ಟಿಯಲ್ಲಿದ್ದ ಸಂತ್ರಸ್ತರು 3,704. ಅವರಲ್ಲಿ ಹಾಸಿಗೆ ಹಿಡಿದವರು 102, ಬುದ್ಧಿಮಾಂದ್ಯರು 326, ಕ್ಯಾನ್ಸರ್ ರೋಗಿಗಳು 119. ಆ 5 ಲಕ್ಷ ಸಿಕ್ಕಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಯಾರು? ನ್ಯಾಯಾಲಯಕ್ಕೆ ಮತ್ತೊಮ್ಮೆ ಹೋಗಿ ಅರ್ಜಿ ಹಾಕಿದವರು. ನ್ಯಾಯಾಲಯ ಇದನ್ನು ಕಟುವಾಗಿ ಖಂಡಿಸಿತು. ಕೇಳಿದವರಿಗೆ ಮಾತ್ರ ಕೊಡುವುದು ಯಾವ ನ್ಯಾಯ? ಆಮೇಲೆ ಉಳಿದವರಿಗೂ ಹಣ ಹೋಗತೊಡಗಿತು. ವೈದ್ಯಕೀಯ ಶಿಬಿರದ ದಿನ ಊರಿನಲ್ಲಿಲ್ಲದೆ, ಕಾಗದ ಸರಿಯಿಲ್ಲದೆ ಪಟ್ಟಿಯಿಂದ ಹೊರಗುಳಿದವರ ದುಃಖ ಬೇರೆಯೇ.

ಇನ್ನು ನಮ್ಮ ಅಂಗಡಿಗಳ ವಿಷಯಕ್ಕೆ ಬರೋಣ. ಕಾನೂನು ರೂಪಿಸುವುದೆಂದರೆ ಶಾಸಕರ ಕೆಲಸ ಎಂದು ತಿಳಿದವರಿಗೆ ಕೋಳಿಕ್ಕೋಡಿನ ಮಿಠಾಯಿ ತೆರುವಿನ ಈ ಸಂಗತಿ ಆಶ್ಚರ್ಯ ತರಬಹುದು. ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕುಳಿತುಕೊಳ್ಳುವಂತಿರಲಿಲ್ಲ. ಶೌಚಾಲಯವಂತೂ ಎಷ್ಟೋ ಕಟ್ಟಡಗಳಲ್ಲಿ ಇರಲಿಲ್ಲ. ಹೊಲಿಗೆ ವೃತ್ತಿಯ ಪಿ. ವಿಜಿ ಎಂಬ ಮಹಿಳೆ ಇವರನ್ನೆಲ್ಲ ಸೇರಿಸಿ 2009ರಲ್ಲಿ 'ಪೆಣ್ಕೂಟ್ಟು' ಎಂಬ ಸಂಘಟನೆ ಕಟ್ಟಿದರು. 2014ರಲ್ಲಿ ತ್ರಿಶ್ಶೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಹೆಂಗಸರು ನೂರಕ್ಕೂ ಹೆಚ್ಚು ದಿನ ಮುಷ್ಕರ ಹೂಡಿದರು. ಕೊನೆಗೆ 2018ರಲ್ಲಿ ಕೇರಳ ಸರಕಾರ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕುಳಿತುಕೊಳ್ಳಲು ಆಸನ ಕೊಡುವುದು ಮಾಲೀಕನ ಹೊಣೆ ಎಂದು ವಿಧಿಸಿತು. 2021ರಲ್ಲಿ ತಮಿಳುನಾಡೂ ಇಂಥದೇ ಕಾನೂನು ತಂದಿತು.

ಒಂದು ಸ್ಟೂಲಿನ ವಿಷಯ! ನನಗೆ ಈ ತಿದ್ದುಪಡಿ ತಿಳಿದದ್ದು ಪತ್ರಿಕೆಯಲ್ಲಿ ಓದಿದ ಮೇಲೆ. ಓದಿದ ದಿನ ಅಂಗಡಿಯಲ್ಲಿ ಸುತ್ತ ಕಣ್ಣು ಹಾಯಿಸಿದೆ. ಗಲ್ಲಾ ಪೆಟ್ಟಿಗೆಯ ಹಿಂದೆ ನನಗೊಂದು ಕುರ್ಚಿ ಇತ್ತು, ಗಿರಾಕಿಗಳಿಗೆ ಬೆಂಚು ಇತ್ತು. ಹದಿನೈದು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುವ ಅಕ್ಕನಿಗೆ ಏನೂ ಇರಲಿಲ್ಲ. ಅವರು ಒಮ್ಮೆಯೂ ಕೇಳಿರಲಿಲ್ಲ, ನನಗೂ ತೋಚಿರಲಿಲ್ಲ. ಜೀವದಯೆಯ ಮಾತು ನಮ್ಮ ಮನೆಗಳಲ್ಲಿ ದಿನವೂ ಬರುತ್ತದೆ, ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು ನಾವು. ನಾನು ಹೆಚ್ಚು ಹೇಳುವುದಿಲ್ಲ. ಕಾನೂನು ಎಂದರೆ ನಮ್ಮ ಮೇಲೆ ಬೀಳುವ ಹೊರೆ ಎಂದಷ್ಟೇ ತಿಳಿದವನಿಗೆ, ಅದರ ಹಿಂದೆ ಬಹಳ ಹೊತ್ತು ನಿಂತ ಯಾರದೋ ಕಾಲುನೋವು ಇರುತ್ತದೆ ಎಂಬುದು ಆ ದಿನ ಹೊಳೆಯಿತು.

ನಮ್ಮ ಸಮಾಜವೇ ಅರ್ಜಿಯ ದಾರಿಯಲ್ಲಿ ನಡೆದ ಉದಾಹರಣೆಯೂ ಇದೆ. 1992ರ ರಾಷ್ಟ್ರೀಯ ಅಲ್ಪಸಂಖ್ಯಾತ ಆಯೋಗ ಕಾಯಿದೆಯಡಿ ಹೊರಟ ಮೊದಲ ಅಧಿಸೂಚನೆಯಲ್ಲಿ ಜೈನರ ಹೆಸರು ಇರಲಿಲ್ಲ. ಮುಂಬಯಿಯ ಬಾಳ ಪಾಟೀಲರು ಸುಪ್ರೀಂ ಕೋರ್ಟಿನವರೆಗೂ ಹೋದರು. 2005ರ ತೀರ್ಪು ಅವರ ಪರವಾಗಿ ಬರಲಿಲ್ಲ. ಹಾಗಿದ್ದೂ ಮನವಿಗಳು ನಿಲ್ಲಲಿಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರಕಾರವೇ ಅಧಿಸೂಚನೆ ಹೊರಡಿಸಿತು. ಇಂದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಮ್ಮ ಮಕ್ಕಳು ಆ ಕಲಮನ್ನು ತುಂಬುವಾಗ ಅದರ ಹಿಂದಿನ ಇಪ್ಪತ್ತು ವರ್ಷ ಅವರಿಗೆ ಗೊತ್ತಿರುವುದಿಲ್ಲ.

ಎಲ್ಲ ಅರ್ಜಿಗಳೂ ಫಲಿಸುತ್ತವೆ ಎಂದು ಹೇಳಿದರೆ ಸುಳ್ಳಾದೀತು. ಕಾಸರಗೋಡಿನ ಕನ್ನಡಿಗರಿಗಿಂತ ಇದನ್ನು ಚೆನ್ನಾಗಿ ಬಲ್ಲವರು ಯಾರು? 1957ರಲ್ಲಿ ಕೇರಳದ ಪ್ರಥಮ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. 1960 ಮತ್ತು 1967ರ ಚುನಾವಣೆಗಳಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬ ಜನರ ಬೇಡಿಕೆ ಇವರ ಬೆನ್ನಿಗಿತ್ತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಆದರೆ ಆ ಕೂಗಿನ ನೆರಳಿನಲ್ಲಿ ಕೆಲವು ಹಕ್ಕುಗಳು ಸದ್ದಿಲ್ಲದೆ ಕಾನೂನಿನ ಪುಸ್ತಕ ಸೇರಿದವು. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಹಾಗಾದರೆ ನಮ್ಮಂಥವರು ಎಲ್ಲಿ ಶುರುಮಾಡಬೇಕು? ಮನೆಯ ಬಾಗಿಲಿನಲ್ಲೇ. 1994ರ ಕೇರಳ ಪಂಚಾಯತ್‌ರಾಜ್ ಕಾಯಿದೆಯಂತೆ ಪ್ರತಿಯೊಂದು ವಾರ್ಡಿನ ಮತದಾರರೆಲ್ಲ ಸೇರಿ ಒಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಸತತ ಎರಡು ಸಲ ಸಭೆ ಕರೆಯದ ವಾರ್ಡು ಸದಸ್ಯನ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ನೂರಕ್ಕೆ ಹತ್ತು ಮತದಾರರು ವಿಷಯ ನಮೂದಿಸಿ ಬರೆದುಕೊಟ್ಟರೆ ವಿಶೇಷ ಸಭೆ ಕರೆಯಬೇಕು. 1996ರ ಜನಕೀಯ ಯೋಜನೆಯ ತರುವಾಯ ಪಂಚಾಯತಿಗೆ ಬರುವ ಯೋಜನಾ ಹಣ ಯಾವುದಕ್ಕೆ ಎಂಬ ಚರ್ಚೆಯೂ ಇಲ್ಲಿಂದಲೇ ಏಳಬೇಕು. ಫಲಾನುಭವಿಗಳ ಪಟ್ಟಿ ಇಲ್ಲಿಯೇ ಓದಲ್ಪಡುತ್ತದೆ. ಇಂಥ ಸಭೆಗಳಿಗೆ ಹೋಗುವವರು ಹೆಚ್ಚಾಗಿ ಪಟ್ಟಿಯಲ್ಲಿ ಹೆಸರು ಬೇಕಾದವರು. ವ್ಯಾಪಾರಿಗಳು "ಅಂಗಡಿ ಬಿಟ್ಟು ಹೇಗೆ ಬರುವುದು" ಎನ್ನುತ್ತಾರೆ. ಲೆಕ್ಕ ಓದಿ ಪ್ರಶ್ನೆ ಕೇಳಬಲ್ಲವರೇ ಗೈರುಹಾಜರಾದರೆ ಲೆಕ್ಕ ಯಾರು ಕೇಳುವುದು? ಗ್ರಾಮಸಭೆಯ ನಿರ್ಣಯವನ್ನು ಪುಸ್ತಕದಲ್ಲಿ ಬರೆದುಕೊಂಡರೇ ಎಂದು ನೋಡಿಯೇ ಏಳಬೇಕು. ಬರೆಯದ ನಿರ್ಣಯ ಗಾಳಿಗೆ ಹೋದ ಮಾತು.

ರಾಜ್ಯದ ಕಾನೂನಿಗೆ ಬಂದರೆ, ಕೇರಳ ವಿಧಾನಸಭೆಯಲ್ಲಿ ಒಂದು ಒಳ್ಳೆಯ ಏರ್ಪಾಡು ಉಂಟು. ಇಲಾಖೆವಾರು ವಿಷಯ ಸಮಿತಿಗಳು ಅಲ್ಲಿ 1980ರಲ್ಲಿಯೇ ಆರಂಭವಾದವು. ಸಂಸತ್ತಿನಲ್ಲಿ ಇಂಥ ವ್ಯವಸ್ಥೆ ಪೂರ್ಣಪ್ರಮಾಣದಲ್ಲಿ ಬಂದದ್ದು 1993ರಲ್ಲಿ. ಮಂಡನೆಯಾದ ವಿಧೇಯಕಗಳು ಸಾಮಾನ್ಯವಾಗಿ ಈ ಸಮಿತಿಯ ಮುಂದೆ ಹೋಗುತ್ತವೆ. ಕೆಲವು ಮುಖ್ಯ ವಿಧೇಯಕಗಳಿಗೆ ಪ್ರತ್ಯೇಕ ಆಯ್ಕೆ ಸಮಿತಿ ರಚನೆಯಾಗುತ್ತದೆ, ಅಂಥ ಸಮಿತಿಗಳು ಜಿಲ್ಲೆಗಳಿಗೆ ಬಂದು ಜನರ ಅಭಿಪ್ರಾಯ ಕೇಳುವುದೂ ಉಂಟು. ಆ ದಿನ ಯಾರು ಬೇಕಾದರೂ ಹೋಗಿ ಹೇಳಬಹುದು, ಬರೆದು ಕೊಡಬಹುದು. ಇದಲ್ಲದೆ ಸಾರ್ವಜನಿಕರ ಮನವಿಗಳಿಗೆಂದೇ ಅರ್ಜಿಗಳ ಸಮಿತಿ ಇದೆ. ಶಾಸಕರ ಮೂಲಕ ಸದನದಲ್ಲಿ ಪ್ರಶ್ನೆ ಕೇಳಿಸಬಹುದು. ಶಾಸಕರಿಗೆ ಮದುವೆಯ ಮನೆಯಲ್ಲಿ ಸಿಕ್ಕಾಗ ಕಿವಿಯಲ್ಲಿ ಹೇಳುವುದಕ್ಕೂ, ಎರಡು ಪುಟದಲ್ಲಿ ದಿನಾಂಕ, ಅಂಕಿಅಂಶ ಸಹಿತ ಬರೆದುಕೊಡುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಚರಂಡಿಯ ಅನುಭವದ ಮೇಲೆ ನಾನು ಹೇಳಬಲ್ಲೆ. ಕಿವಿಯಲ್ಲಿ ಹೇಳಿದ್ದು ಪಂಕ್ತಿಯಲ್ಲಿ ಪಾಯಸ ಬರುವುದರೊಳಗೆ ಮರೆತುಹೋಗಿರುತ್ತದೆ.

ಬರೆಯುವಾಗ ಸಿಟ್ಟು ಬೇಡ. ಒಂದು ಅರ್ಜಿಗೆ ಒಂದೇ ವಿಷಯ ಇರಲಿ. ಯಾವ ಕಾನೂನಿನ ಯಾವ ಕಲಮಿಗೆ ಏನು ಬದಲಾವಣೆ ಬೇಕು ಎಂದು ಹೇಳಿದರೆ ಇನ್ನೂ ಒಳ್ಳೆಯದು. ಕಲಮು ಗೊತ್ತಿಲ್ಲದಿದ್ದರೆ ತೊಂದರೆ ಏನೆಂದು ಸ್ಪಷ್ಟವಾಗಿ ಬರೆದರೂ ಸಾಕು. ನಕಲು ಇಟ್ಟುಕೊಳ್ಳಿ. ಮೊಹರು ಹಾಕಿಸಿಕೊಳ್ಳಿ, ಅಥವಾ ರಿಜಿಸ್ಟರ್ ತಪಾಲಿನಲ್ಲಿ ಕಳುಹಿಸಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ನಮ್ಮ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಅದಕ್ಕೆ ಉತ್ತರ ಕೊಡಬೇಕು. ಬಾಕಿದಾರರಿಗೆ ನೆನಪಿನ ಕಾಗದ ಬರೆಯುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಭಾಷೆ. ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿ ಕಡೆಯ ಬಂಧುಗಳು "ನಮಗೆ ಮಲಯಾಳ ಬರೆಯಲು ಬಾರದು, ಅಲ್ಲಿಗೆ ಏನು ಬರೆಯುವುದು" ಎಂದು ಹೇಳುವುದುಂಟು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಗೆ 1973ರಲ್ಲಿ ಆದ ತಿದ್ದುಪಡಿಯಲ್ಲಿ ಒಂದು ಮಾತು ಸೇರಿತು. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಿರುವನಂತಪುರದ ಸಚಿವಾಲಯಕ್ಕೂ, ಇಲಾಖಾ ಮುಖ್ಯಸ್ಥರಿಗೂ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಸ್ಥಳಗಳ ಸರಕಾರಿ ಕಚೇರಿಗಳಿಗೂ ತಮ್ಮ ಭಾಷೆಯಲ್ಲಿ ಬರೆಯಬಹುದು ಎಂದು ಅದು ಹೇಳಿತು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಕೂಡ ಹೇಳಿತು. ಸಂವಿಧಾನದ 350ನೆಯ ವಿಧಿ ತನ್ನ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ವಿಧಾನಸಭೆಯಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದ್ದನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು.

ಕನ್ನಡದ ಅರ್ಜಿಗೆ ಮಲಯಾಳದಲ್ಲಿ ಉತ್ತರ ಬಂದರೆ ಅದನ್ನು ಕೊಕ್ಕೆಗೆ ಸಿಕ್ಕಿಸಿ ಸುಮ್ಮನಾಗಬೇಡಿ. ಬಂದ ಉತ್ತರದ ನಕಲನ್ನು ಲಗತ್ತಿಸಿ, ಮೇಲೆ ಹೇಳಿದ ಕಾಯಿದೆಯ ಹೆಸರು ಮತ್ತು ವರ್ಷವನ್ನು ಮೊದಲ ಸಾಲಿನಲ್ಲೇ ನಮೂದಿಸಿ, ಕನ್ನಡದಲ್ಲಿ ಉತ್ತರ ಕೊಡಬೇಕೆಂದು ಅದೇ ಕಚೇರಿಗೆ ಮತ್ತೊಮ್ಮೆ ಬರೆಯಿರಿ. ಎರಡನೆಯ ಕಾಗದಕ್ಕೂ ಮೊಹರು ಹಾಕಿಸಿಕೊಳ್ಳಲು ಮರೆಯಬೇಡಿ.